ಸಾವನದುರ್ಗ: ಇಳಿಯುವ ಹೊತ್ತಿನ ಲೆಕ್ಕ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರಬಹುದಾದ ಬೆಟ್ಟಗಳಲ್ಲಿ ನಾನು ಹೆಚ್ಚಾಗಿ ಹತ್ತುವುದು ಮಾಗಡಿಯ ಸಾವನದುರ್ಗವನ್ನು. ಸಮುದ್ರಮಟ್ಟದಿಂದ ಸುಮಾರು 1,226 ಮೀಟರ್ ಎತ್ತರವಿರುವ ಈ ಬೆಟ್ಟದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಭಾಗಗಳಿದ್ದು, ಚಾರಣಿಗರು ಸಾಮಾನ್ಯವಾಗಿ ಹತ್ತುವುದು ಕರಿಗುಡ್ಡವನ್ನು. ದಾರಿಯ ಬಹುಭಾಗ ನೆರಳಿಲ್ಲದ ಹಾಸುಬಂಡೆ. ಹತ್ತುವಾಗ ಇದು ಅಷ್ಟೇನೂ ಕಷ್ಟವೆನಿಸುವುದಿಲ್ಲ. ಇಳಿಯುವಾಗ ಮಾತ್ರ ಬಿಸಿಲಿಗೆ ಕಾದ ಬಂಡೆ, ಸೋತ ಮಂಡಿ, ಖಾಲಿಯಾಗುತ್ತಿರುವ ನೀರಿನ ಬಾಟಲಿ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಆದ್ದರಿಂದ ನಾನು ಇಳಿದು ಮುಗಿಸಬೇಕಾದ ಗಂಟೆಯನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡುತ್ತೇನೆ.

ಚಳಿಗಾಲದಲ್ಲಿ ಆ ಗಂಟೆ ಹನ್ನೊಂದೂವರೆ. ಹತ್ತಲು ಎರಡು ಗಂಟೆ, ಇಳಿಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಇಟ್ಟುಕೊಂಡರೆ ಏಳೂವರೆಯ ಸುಮಾರಿಗೆ ಬೆಟ್ಟದ ಬುಡದಲ್ಲಿರಬೇಕಾಗುತ್ತದೆ. ಬಸ್ಸಿನಲ್ಲಿ ಹೋಗುವವರು ಮಾಗಡಿಯಲ್ಲಿ ಇಳಿದು ಆಟೋ ಹಿಡಿಯುವುದು ಅನುಕೂಲ. ಪ್ರವೇಶದ ನಿಯಮ ಮತ್ತು ಸಮಯವನ್ನು ಹಿಂದಿನ ದಿನವೇ ಅರಣ್ಯ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳುತ್ತೇನೆ.

ಬಂಡೆಯ ಮೇಲೆ ದಾರಿ ಹುಡುಕುವುದಕ್ಕೆ ಬಣ್ಣದ ಬಾಣದ ಗುರುತುಗಳಿಗಿಂತ ಬಂಡೆಯನ್ನೇ ನೋಡುವುದು ನನಗೆ ಹೆಚ್ಚು ನಂಬಿಕೆಯ ವಿಧಾನ. ಜನ ನಡೆದು ನಡೆದು ಕಲ್ಲುಹೂವು ಸವೆದ ಕಡೆ ಬಂಡೆ ತುಸು ಬೆಳ್ಳಗೆ ಕಾಣುತ್ತದೆ. ಆ ಪಟ್ಟೆಯೇ ದಾರಿ. ಮಳೆನೀರು ಹರಿಯುವ ಜಾಡಿನಲ್ಲಿ ಪಾಚಿ ಬೆಳೆದು ಒಣಗಿದ ಕಪ್ಪು ಪಟ್ಟೆಗಳು ಒಣಗಿದಾಗ ಒಳ್ಳೆಯ ಹಿಡಿತ ಕೊಡುತ್ತವೆಯಾದರೂ, ಮಂಜಿನ ಹನಿ ಬಿದ್ದ ಬೆಳಿಗ್ಗೆ ಅವುಗಳ ಮೇಲೆ ಕಾಲಿಡುವುದು ಅಪಾಯ. ಇದಲ್ಲದೆ, ಹಗಲು ಕಾದು ಇರುಳು ತಣಿಯುವ ಗ್ರಾನೈಟ್ ಈರುಳ್ಳಿಯಂತೆ ಪದರುಪದರಾಗಿ ಏಳುತ್ತದೆ. ತಟ್ಟಿದರೆ ಟೊಳ್ಳು ಸದ್ದು ಬರುವ ಪದರಿನ ಅಂಚಿಗೆ ಭಾರ ಹಾಕದೆ ಸುತ್ತಿಕೊಂಡು ಹೋಗುತ್ತೇನೆ. ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ, ಇಡೀ ಪಾದವನ್ನು ಊರಿ, ಚಿಕ್ಕ ಹೆಜ್ಜೆಗಳಲ್ಲಿ ಓರೆಯಾಗಿ ನಡೆಯುತ್ತೇನೆ. ತೀರ ಕಡಿದಾದಲ್ಲಿ ಕುಳಿತು ಜರುಗಲು ನಾಚಿಕೆಪಡಬೇಕಾಗಿಲ್ಲ.

ದಾರಿಯಲ್ಲಿ ಎದುರಾಗುವ ಕೋಟೆಗೋಡೆಗಳು ಎಷ್ಟು ಹತ್ತಿದ್ದೇವೆಂದು ತಿಳಿಯಲು ಒಳ್ಳೆಯ ಗುರುತುಗಳು. ಮಾಗಡಿಯ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಈ ದುರ್ಗ 1728ರಲ್ಲಿ ಮೈಸೂರಿನ ವಶವಾಯಿತು. 1791ರ ಡಿಸೆಂಬರಿನಲ್ಲಿ ಶ್ರೀರಂಗಪಟ್ಟಣದತ್ತ ಹೊರಟಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಇದನ್ನು ಟಿಪ್ಪುವಿನಿಂದ ಕಿತ್ತುಕೊಂಡಿತು. ಬರಿಗೈಯಲ್ಲಿ ಹತ್ತುವುದೇ ಏದುಸಿರು ತರುವ ಈ ಬಂಡೆಯ ಮೇಲೆ ಅಷ್ಟೊಂದು ಕಲ್ಲು ಸಾಗಿಸಿದವರ ಬಗ್ಗೆ ಯೋಚಿಸುವುದಕ್ಕೆ ಗೋಡೆಯ ನೆರಳು ತಕ್ಕ ಜಾಗ. ತುದಿಯಲ್ಲಿ ನಂದಿಮಂಟಪವಿದೆ, ಪಶ್ಚಿಮ ಘಟ್ಟದ ಹಸಿರನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗಬಹುದು, ನನಗಂತೂ ದೂರದ ಬಂಡೆಗುಡ್ಡಗಳ ಸಾಲೇ ಸಾಕು.

ಮೇಲೆ ದೊಣೆಗಳಲ್ಲಿ ನೀರು ನಿಂತಿರುತ್ತದೆ, ಆದರೆ ಅದು ಕುಡಿಯಲು ತಕ್ಕದ್ದಲ್ಲ. ತಲಾ ಎರಡು ಲೀಟರ್ ನೀರು ಒಯ್ದು, ತುದಿ ತಲುಪುವಾಗ ಅರ್ಧ ಉಳಿದಿರುವಂತೆ ನೋಡಿಕೊಳ್ಳುತ್ತೇನೆ. ಅದಕ್ಕಿಂತ ಮೊದಲೇ ಅರ್ಧ ಮುಗಿದರೆ ಅಲ್ಲಿಂದಲೇ ಹಿಂತಿರುಗುತ್ತೇನೆ. ಬುತ್ತಿಗೆ ಚಿತ್ರಾನ್ನ, ಸೌತೆಕಾಯಿ.

ಮಾರ್ಚಿನಿಂದ ಮೇ ತನಕ ಸಾವನದುರ್ಗದ ಗೋಜಿಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ನಡೆಯಲೇಬೇಕೆನಿಸಿದರೆ ದಾಬಸ್‌ಪೇಟೆಯ ಬಳಿಯ ಶಿವಗಂಗೆಗೆ ಹೋಗುತ್ತೇನೆ. ಅಲ್ಲಿ ಮೆಟ್ಟಿಲುಗಳಿವೆ, ಕಡಿದಾದ ಕಡೆ ಹಿಡಿಯಲು ಕಬ್ಬಿಣದ ಸರಳುಗಳಿವೆ, ದಾರಿಯಲ್ಲಿ ಮಜ್ಜಿಗೆ ಮಾರುವವರಿರುತ್ತಾರೆ. ಕೋತಿಗಳಿರುವುದರಿಂದ ತಿಂಡಿಯ ಚೀಲ ಮಾತ್ರ ಕೈಯಲ್ಲಿರಬಾರದು. ಒಳಕಲ್ಲು ತೀರ್ಥದಿಂದ ಮೇಲಿನ ಏರು ಬಹಳ ಕಡಿದು. ಮೋಡ ಕವಿದಿದ್ದರೆ ತೀರ್ಥದವರೆಗೆ ಮಾತ್ರ ಹೋಗಿ ಇಳಿದುಬಿಡುತ್ತೇನೆ.