ಸೋಲಾರ್ ಗೀಸರ್: ಪ್ಲಂಬರ್ ಕೆಳಗಿಳಿಯುವ ಮುಂಚೆ ನೋಡಬೇಕಾದ್ದು

ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸುವವರು ಸೋಲಾರ್ ಕೊಳ್ಳುವಾಗ ಲೀಟರ್ ಎಷ್ಟು, ಬೆಲೆ ಎಷ್ಟು ಅಂತ ಹತ್ತಾರು ಅಂಗಡಿ ತಿರುಗುತ್ತಾರೆ. ಜೋಡಿಸುವ ದಿನ ಮಾತ್ರ ಕೆಳಗೇ ಉಳಿದುಬಿಡುತ್ತಾರೆ. ಅವತ್ತು ತಾರಸಿ ಹತ್ತಿ.

ಮೊದಲು ಎತ್ತರ ನೋಡಿ. ಮನೆಬಳಕೆಯ ಸೋಲಾರ್‌ಗೆ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಹಾಗಾಗಿ ಬಿಸಿನೀರಿನ ಟ್ಯಾಂಕ್ ಪ್ಯಾನೆಲ್‌ಗಿಂತ ಮೇಲಿರಬೇಕು. ತಣ್ಣೀರಿನ ಟ್ಯಾಂಕಿನ ತಳ ಬಿಸಿನೀರಿನ ಟ್ಯಾಂಕಿನ ನೆತ್ತಿಗಿಂತಲೂ ಮೇಲಿರಬೇಕು. ಕಟ್ಟೆ ಗಿಡ್ಡವಾದರೆ ತಣ್ಣೀರು ಅರ್ಧಕ್ಕಿಳಿದಾಗ ಬಿಸಿನೀರಿನ ನಲ್ಲಿಯೂ ಸೊರಗುತ್ತದೆ.

ಬಿಸಿನೀರಿನ ಟ್ಯಾಂಕಿನಿಂದ ನೆಟ್ಟಗೆ ಎದ್ದ ಸಣ್ಣ ಪೈಪೇ ಏರ್ ವೆಂಟ್. ಅದರ ಬಾಯಿ ತಣ್ಣೀರಿನ ಟ್ಯಾಂಕ್ ತುಂಬಿದ ಮಟ್ಟಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಮೋಟರ್ ಹಾಕಿದಾಗಲೆಲ್ಲ ಬಿಸಿನೀರು ತಾರಸಿಗೆ ಸುರಿಯುತ್ತದೆ. ಪೋಲಾಗುತ್ತೆ ಅಂತ ಅದಕ್ಕೆ ಕ್ಯಾಪ್ ಬಿಗಿಯುವ ಜಾಣರಿದ್ದಾರೆ. ಬಿಡಬೇಡಿ. ಹಬೆ ಹೊರಹೋಗಲು, ನೀರಿಳಿದಾಗ ಗಾಳಿ ಒಳಬರಲು ಇರುವ ದಾರಿ ಅದೊಂದೇ. ಮುಚ್ಚಿದರೆ ಟ್ಯಾಂಕೇ ನೆಗ್ಗಿಹೋಗಬಹುದು.

ಇನ್ನು ನೀರು ಕಾಯಿಸುವ ಭಾಗ. ಇದರಲ್ಲಿ ಎರಡು ಬಗೆ. ಎಫ್‌ಪಿಸಿ ಅಂದರೆ ಗಾಜಿನಡಿ ಕಪ್ಪು ಲೇಪದ ಹಾಳೆ, ಅದಕ್ಕಂಟಿದ ತಾಮ್ರದ ಕೊಳವೆ. 100 ಲೀಟರ್‌ಗೆ ಸುಮಾರು 2 ಚದರ ಮೀಟರ್ ಪ್ಯಾನೆಲ್. ಇಟಿಸಿ ಅಂದರೆ ಒಂದರೊಳಗೊಂದು ಗಾಜಿನ ಟ್ಯೂಬ್, ನಡುವೆ ನಿರ್ವಾತ. ಬೋರ್‌ವೆಲ್ ನೀರಿಗೆ ಟ್ಯೂಬೇ ವಾಸಿ, ಗಡಸು ನೀರಿನ ಬಿಳಿ ಪದರದಿಂದ ತಾಮ್ರದ ಕೊಳವೆ ಬೇಗ ಕಟ್ಟಿಕೊಳ್ಳುತ್ತದೆ. ಕಾವೇರಿ ನೀರು ಬರುವ ಬಡಾವಣೆಯಾದರೆ ನನ್ನ ಓಟು ತಾಮ್ರಕ್ಕೆ. ಪಕ್ಕದ ಮನೆ ಹುಡುಗರ ಕ್ರಿಕೆಟ್ ಚೆಂಡಿನ ಭಯವೂ ಕಡಿಮೆ. ಟ್ಯೂಬ್ ತಗೊಂಡರೆ ಸ್ಟ್ಯಾಂಡಿಗೆ ಕೂರಿಸುವ ಮುಂಚೆ ಪ್ರತಿಯೊಂದರ ಮುಚ್ಚಿದ ತುದಿ ನೋಡಿ. ಕನ್ನಡಿಯಂತೆ ಹೊಳೆಯಬೇಕು. ಹಾಲು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಬದಲಿಸಲು ಹೇಳಿ.

ಎರಡರ ಮುಖವೂ ದಕ್ಷಿಣಕ್ಕೆ, ಮೇಲೆ ತೆಂಗಿನಮರದ ನೆರಳಿಲ್ಲದಂತೆ.

ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳು ಇದೆಯೇ ಕೇಳಿ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ಅದು ಸವೆಯುತ್ತದೆ. ಗಡಸು ನೀರಾದರೆ ಆಗಾಗ ಬಿಚ್ಚಿ ನೋಡಬೇಕು. ಆಷಾಢದ ಮೋಡಕ್ಕೆ ಕರೆಂಟ್ ಕಾಯಿಲ್ ಇರಲಿ, ಸ್ವಿಚ್ ಕೈಗೆಟುಕುವಲ್ಲಿರಲಿ. ಬಾತ್‌ರೂಮಿಗೆ ಇಳಿಯುವ ಪೈಪಿಗೆ ಇನ್ಸುಲೇಷನ್ ಹೊದಿಸದೆ ಬಿಲ್ ಕೊಡಬೇಡಿ.

ಮೊದಲ ಸಲ ನೀರು ತುಂಬಿಸುವುದು ಬಿಸಿಲೇರುವ ಮುಂಚೆ. ಮಧ್ಯಾಹ್ನ ಕಾದು ಕೆಂಡವಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸೀಳುತ್ತದೆ. ಪ್ಲಂಬರ್ ಹನ್ನೆರಡಕ್ಕೆ ಕೆಲಸ ಮುಗಿಸಿದರೆ ನೀರು ಬಿಡುವುದು ಮಾರನೇ ಬೆಳಗ್ಗೆಗೇ ಆಗಲಿ, ಅಲ್ಲಿಯವರೆಗೆ ಟ್ಯೂಬಿನ ಮೇಲೊಂದು ಹಳೇ ಬೆಡ್‌ಶೀಟ್ ಹೊದಿಸಿಡಿ.