ಸಮವಸ್ತ್ರ ಕೊಳ್ಳುವ ಮುನ್ನ ಇದನ್ನು ನೋಡಿ

ಒಂದು, ಎರಡನೆಯ ತರಗತಿಯ ಹೆಣ್ಣುಮಕ್ಕಳಿಗೆ ಸಮವಸ್ತ್ರ ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ಮಗು ಅದನ್ನು ತೊಟ್ಟು ಯಾರ ನೆರವೂ ಇಲ್ಲದೆ ಶೌಚಾಲಯಕ್ಕೆ ಹೋಗಿಬರಬಲ್ಲಳೇ ಎಂಬುದನ್ನು. ಬಿಗಿಯಾದ ಕೊಕ್ಕೆ, ಬೆಲ್ಟ್, ಚೂಡಿದಾರದ ಲಾಡಿ ಪುಟ್ಟ ಬೆರಳುಗಳಿಗೆ ಬಗ್ಗುವುದಿಲ್ಲ. ಬಿಚ್ಚಲು ಕಷ್ಟವೆಂದು ಎಷ್ಟೋ ಮಕ್ಕಳು ಮೂತ್ರ ಕಟ್ಟಿಕೊಂಡು ಕೂರುತ್ತಾರೆ, ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದು ಆರೋಗ್ಯದ ಪ್ರಶ್ನೆ, ದಯವಿಟ್ಟು ಹಗುರವಾಗಿ ಕಾಣಬೇಡಿ. ಸೊಂಟಕ್ಕೆ ಎಲಾಸ್ಟಿಕ್ ಹಾಕಿಸಿ, ಮನೆಯಲ್ಲೇ ಅಭ್ಯಾಸ ಮಾಡಿಸಿ.

ಲಂಗ ಅಥವಾ ಪಿನಾಫೋರ್ (ಅಂಗಿಯ ಮೇಲೆ ತೊಡುವ ತೋಳಿಲ್ಲದ ಫ್ರಾಕ್) ಆದರೆ ಒಳಗೆ ಹತ್ತಿಯ ಶಾರ್ಟ್ಸ್ ಇರಲಿ. ಆಗ ಅವಳು ಓಡಲು, ಜಾರುಬಂಡೆ ಏರಲು ಹಿಂಜರಿಯುವುದಿಲ್ಲ. ಮೈಗೆ ತಾಗುವ ಅಂಗಿಯಲ್ಲಿ ಹತ್ತಿಯ ಪಾಲು ಹೆಚ್ಚಿದ್ದರೆ ಬೆವರು ಹೀರುತ್ತದೆ. ಲಂಗ ಮಿಶ್ರ ನೂಲಿನದ್ದಾದರೂ ಸರಿ, ಮಲೆನಾಡು, ಕರಾವಳಿಯ ಜೂನ್ ಮಳೆಯಲ್ಲಿ ಅದೇ ಬೇಗ ಒಣಗುವುದು.

ಸರ್ಕಾರಿ ಶಾಲೆಯಲ್ಲಿ ಬಟ್ಟೆ ಕೊಟ್ಟಿದ್ದರೆ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆ ದರ್ಜಿಗೆ ಕೊಡಿ. ಅಂಚಿನಲ್ಲಿ ಎರಡು ಇಂಚು ಮಡಿಸಿ ಹೊಲಿಯಲು ಹೇಳಿ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಕರವಸ್ತ್ರಕ್ಕೊಂದು ಜೇಬನ್ನೂ ಕೇಳಿ, ಹುಡುಗಿಯರ ಉಡುಪಿನಲ್ಲಿ ದರ್ಜಿಗಳು ಅದನ್ನೇ ಬಿಟ್ಟುಬಿಡುತ್ತಾರೆ.