ಹೊಲ ನೆಡುತೋಪಾಗುವಾಗ ಕಳೆ, ಮಣ್ಣು ನೋಡಿಕೊಳ್ಳುವುದು ಹೇಗೆ?

ಬೆಳೆ ತೆಗೆಯುತ್ತಿದ್ದ ಹೊಲದಲ್ಲಿ ಮರದ ಸಸಿ ನೆಟ್ಟರೆ ಮೊದಲ ಮಳೆಗೇ ಕಳೆ ಸಸಿಯನ್ನು ಮುಚ್ಚಿಬಿಡುತ್ತದೆ. ಅದನ್ನು ಕಂಡು ಗಾಬರಿಯಿಂದ ಇಡೀ ಹೊಲವನ್ನು ಉತ್ತು ಬೋಳು ಮಾಡುವವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ಉದುರಿದ ಕಳೆಬೀಜ ಮಣ್ಣಿನಲ್ಲಿ ಹುದುಗಿರುತ್ತದೆ. ಪ್ರತಿ ಉಳುಮೆಯೂ ಅದನ್ನು ಮೇಲೆತ್ತಿ ಬೆಳಕು ತೋರಿಸುತ್ತದೆ.

ಕೆಲಸ ಶುರುವಾಗಬೇಕಾದದ್ದು ನಾಟಿಗೆ ಮುಂಚೆ. ಹೊಲದ ಎಂಟು-ಹತ್ತು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಸಾವಯವ ಇಂಗಾಲ (ಕೊಳೆತ ಗಿಡ-ಎಲೆಗಳಿಂದ ಮಣ್ಣಿಗೆ ಸೇರಿದ ಇಂಗಾಲ) ಮತ್ತು ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, pH) ಪರೀಕ್ಷೆಗೆ ಕೊಡಿ. ತೆಗೆದ ಜಾಗ, ತಿಂಗಳು ಬರೆದಿಡಿ. ಹದವಾದ ನೆಲಕ್ಕೆ ಕಬ್ಬಿಣದ ಸರಳು ಚುಚ್ಚಿ ನೋಡಿ. ಒಂದು ಗೇಣಿನಷ್ಟು ಇಳಿದು ಅಲ್ಲೇ ನಿಂತರೆ ಅದು ಉಳುಮೆಯಿಂದ ಕಟ್ಟಿದ ಗಟ್ಟಿಪದರ. ನೆಡುವ ಸಾಲಿನಲ್ಲಿ ಮಾತ್ರ ಅದನ್ನು ಒಮ್ಮೆ ಆಳವಾಗಿ ಸೀಳಿಸಿ. ಗರಿಕೆ, ಜೇಕುಗಳ ಲೆಕ್ಕವೂ ಆಗಲೇ ಚುಕ್ತಾ ಆಗಬೇಕು. ಜೇಕಿನ ಗೆಡ್ಡೆಗಳು ಸರದಂತೆ ಪೋಣಿಸಿಕೊಂಡಿರುತ್ತವೆ. ಸರ ತುಂಡಾದರೆ ಮಲಗಿದ್ದ ಗೆಡ್ಡೆಗಳೂ ಚಿಗುರುತ್ತವೆ, ಆದ್ದರಿಂದ ಅರ್ಧಂಬರ್ಧ ಕೀಳುವುದು ಕೀಳದಿರುವುದಕ್ಕಿಂತ ಕೆಟ್ಟದ್ದು.

ನೆಟ್ಟ ಮೇಲೆ ಪ್ರತಿ ಸಸಿಯ ಸುತ್ತ ಅರ್ಧದಿಂದ ಒಂದು ಮೀಟರ್ ದೂರದವರೆಗೆ ಕಳೆ ಇರಕೂಡದು. ಅಲ್ಲಿ ಒಣಹುಲ್ಲಿನ ದಪ್ಪ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಿರಲಿ. ಸಾಲುಗಳ ನಡುವಿನ ಕಳೆಯನ್ನು ಕೀಳಬೇಡಿ, ಸವರಿ ಅಲ್ಲೇ ಹಾಸಿ. ಪಾರ್ಥೇನಿಯಂ ಮಾತ್ರ ಹೂ ಬಿಡುವ ಮೊದಲೇ ಬೇರುಸಹಿತ ಹೋಗಬೇಕು, ಕೈಗವಸು ಮರೆಯಬೇಡಿ.

ಮುಂದೆ ಪ್ರತಿ ವರ್ಷ ಒಂದು ಚದರ ಮೀಟರ್ ಚೌಕಟ್ಟು ಇಟ್ಟು ಕಳೆ ಎಣಿಸಿ. ಉಳುಮೆ ನಿಂತಂತೆ ಒಂದೇ ವರ್ಷ ಬಾಳುವ ಕಳೆ ಇಳಿಯುತ್ತದೆ, ಬಹುವಾರ್ಷಿಕ ಹುಲ್ಲು, ಪೊದೆ ಏರುತ್ತವೆ. ಕೊಂಬೆಗೆ ಕೊಂಬೆ ಕೂಡಿ ನೆರಳು ಬಿದ್ದ ಮೇಲೆ ಬಿಸಿಲು ಬೇಡುವ ಗರಿಕೆ, ಜೇಕುಗಳೂ ಸೊರಗುತ್ತವೆ.

ಮಣ್ಣಿನ ಬದಲಾವಣೆ ಇಷ್ಟು ಬೇಗ ಕಾಣುವುದಿಲ್ಲ. ಆರಂಭದಲ್ಲಿ ಇಂಗಾಲ ಕುಸಿಯಲೂಬಹುದು, ಏಕೆಂದರೆ ಬೆಳೆಯ ಬೇರು-ಕೂಳೆ ಮಣ್ಣಿಗೆ ಸೇರುವುದು ನಿಂತುಹೋಗಿರುತ್ತದೆ, ಎಳೆಯ ಮರ ಇನ್ನೂ ಎಲೆ ಸುರಿಸಿರುವುದಿಲ್ಲ. ಒಂದೇ ವರದಿ ಹಿಡಿದು ಬೇಸರಪಡದೆ, ಅದೇ ಜಾಗದಿಂದ ಅದೇ ತಿಂಗಳಲ್ಲಿ ಮೂರು-ನಾಲ್ಕು ವರ್ಷಕ್ಕೊಮ್ಮೆ ಮಣ್ಣು ತೆಗೆಯಿರಿ. ನಡುವೆ ಕೈಯಿಂದಲೇ ತರಗು ಸರಿಸಿ ನೋಡಿ: ಮೇಲೆ ಗರಿಗರಿ ಎಲೆ, ಅದರಡಿ ನರಗಳಷ್ಟೇ ಉಳಿದ ಒದ್ದೆಯಾದ ಜಾಲರಿ ಎಲೆ, ಬಿಳಿ ಶಿಲೀಂಧ್ರದ ಎಳೆ, ಎರೆಹುಳುವಿನ ಹಿಕ್ಕೆ ಕಂಡರೆ ಮಣ್ಣು ಚೇತರಿಸಿಕೊಳ್ಳುತ್ತಿದೆ. ನೀಲಗಿರಿ, ಪೈನ್ ತರಗು ನಿಧಾನವಾಗಿ ಕೊಳೆಯುತ್ತದೆ. ಆದ್ದರಿಂದ ಸಾರಜನಕ ಹಿಡಿಯುವ ದ್ವಿದಳ ಮರಗಳನ್ನು ನಡುವೆ ಬೆರೆಸುವುದು ಒಳ್ಳೆಯದು.

ತೋಪು ಬೆಳೆದ ಮೇಲೂ ತರಗು ಗುಡಿಸಿ ಸುಡಬೇಡಿ. ಎತ್ತರದ ಎಲೆಗಳಿಂದ ಕೂಡಿ ಬೀಳುವ ಮಳೆಹನಿ ಬಯಲಿನ ಹನಿಗಿಂತ ದಪ್ಪವಾಗಿದ್ದು, ಬರಿಯ ನೆಲವನ್ನು ಕೊರೆದು ಮೇಲ್ಮಣ್ಣನ್ನು ಒಯ್ಯುತ್ತದೆ. ಮಳೆ ನಿಂತ ಕೂಡಲೇ ಮರದ ಬುಡ ನೋಡಿ. ಬೇರು ಬತ್ತಲಾಗಿ ಕಾಣುತ್ತಿದ್ದರೆ ಆ ವರ್ಷ ಅಲ್ಲಿಗೆ ಕುಡುಗೋಲು ತರಬೇಡಿ, ನೆರಳಿನಲ್ಲಿ ಮೊಳೆತ ಸೊಪ್ಪುಸದೆ ಹಾಗೇ ಹಬ್ಬಲಿ.